ಆರನೇ ಕೀಬೋರ್ಡಿನ ಕ್ಷಮೆ

ಸಾಮ್ರಾಜ್ಯಗಳು ಉರುಳಿದ್ದೇಕೆಂದು ಹುಡುಕುವವರು ಕತ್ತಿ, ಕುದುರೆ, ಕೋಟೆಗಳ ಬಗ್ಗೆ ಬರೆಯುತ್ತಾರೆ. ಜಿಡ್ಡಿನ ಬಗ್ಗೆ ಯಾರೂ ಬರೆದಿಲ್ಲ. ಆದ್ದರಿಂದ, ಒಂದು ಸಾರ್ವಜನಿಕ ಗ್ರಂಥಾಲಯದ ಆರನೇ ನಂಬರಿನ ಕೀಬೋರ್ಡಿನ ಮೇಲೆ ಕೂತಿದ್ದ ಜಿಡ್ಡಿನಿಂದ ಒಬ್ಬ ಮನುಷ್ಯನ ಮಾನ ಹೇಗೆ ಹೋಯಿತೆಂಬುದನ್ನು ದಾಖಲಿಸುವುದು ಅತ್ಯಗತ್ಯವಾಗಿದೆ.

ಆ ಮನುಷ್ಯ ಅಲ್ಲಿನ ಕಂಪ್ಯೂಟರ್ ಕೋಣೆಯ ಸಹಾಯಕ. ಜಿಡ್ಡನ್ನು ಪತ್ತೆಹಚ್ಚಿದವಳು ಒಬ್ಬ ನರ್ಸ್. ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಡ್ಯೂಟಿ ಮುಗಿಸಿ, ಪ್ರಮೋಷನ್ ಪರೀಕ್ಷೆಗೆ ಓದಿಕೊಳ್ಳಲು ಬರುತ್ತಿದ್ದಳು. ಮೊದಲ ದಿನವೇ ಒಂದು ಕೀ ಒತ್ತಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎರಡು ನೋಟಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

“ಇದು ಕೀಬೋರ್ಡಾ, ಬಾಣಲೆಯಾ?”

ಅವನ ಕಿವಿ ಬಿಸಿಯಾಯಿತು. ಆದರೆ ಆ ಕಣ್ಣುಗಳು ಎಷ್ಟು ಚೆನ್ನಾಗಿದ್ದವೆಂದರೆ, ಬೈಸಿಕೊಂಡದ್ದು ಅರ್ಧ ಮರೆತೇಹೋಯಿತು.

ಮರುದಿನದಿಂದ ಸಹಾಯಕ ಬದಲಾದ. ಇಸ್ತ್ರಿ ಷರ್ಟು, ಕತ್ತರಿಸಿದ ಉಗುರು, ಹೆಗಲ ಮೇಲೆ ಒರೆಸುವ ಬಟ್ಟೆ. ಮನೆಯಲ್ಲಿ ಅತ್ತಿಗೆ ಬಿಡಲಿಲ್ಲ. “ಏನಪ್ಪಾ, ಕುಡಿದ ಲೋಟ ತೊಳೆಯದವನು ಊರೋರ ಮೌಸೆಲ್ಲ ಒರೆಸ್ತಿದ್ದೀಯಂತೆ? ಯಾರವಳು?”

ಒಂದು ಸಂಜೆ ಅವಳು ಗೇಟು ದಾಟುವುದು ಕಿಟಕಿಯಿಂದ ಕಂಡಿತು. ಆರನೇ ಕೀಬೋರ್ಡು ಇನ್ನೂ ಒರೆಸಿರಲಿಲ್ಲ. ಲಿಕ್ವಿಡ್ಡನ್ನು ಬಟ್ಟೆಗೆ ಹಾಕಿ ಒರೆಸಬೇಕೆಂದು ಸ್ಪ್ರೇ ಡಬ್ಬಿಯ ಮೇಲೆಯೇ ಬರೆದಿತ್ತು. ಪ್ರೀತಿಗೆ ಓದುವ ಪುರುಸೊತ್ತೆಲ್ಲಿ? ಕೀಗಳ ಸಂದಿಗೇ ಪುಸ್ ಪುಸ್ ಎಂದು ಹೊಡೆದು, ಮೇಲೆ ಮೇಲೆ ಒರೆಸಿಟ್ಟ.

“ಇವತ್ತು ಕನ್ನಡಿ ಥರ ಇದೆ ರೀ,” ಎಂದು ಅವಳು ಓರೆಗಣ್ಣಲ್ಲಿ ನಕ್ಕಳು.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದೇ ಅಕ್ಷರ ತನ್ನಷ್ಟಕ್ಕೆ ತಾನೇ ಓಡತೊಡಗಿತು. ಆಮೇಲೆ ಕೀಬೋರ್ಡು ಸತ್ತೇಹೋಯಿತು. ಅವಳ ನೀರಿನ ಬಾಟಲಿ ಪಕ್ಕದಲ್ಲೇ ನಿಂತಿತ್ತು.

ಗ್ರಂಥಪಾಲಕಿ ಧಾವಿಸಿ ಬಂದರು. “ಸದ್ದು!” ಎಂದು ಎಲ್ಲರ ಸದ್ದಿಗಿಂತ ಜೋರಾಗಿ ಕೂಗುವ ಅವರಿಗೆ ಓದುಗರು ಇಟ್ಟ ಹೆಸರು ಸದ್ದಕ್ಕ. ಅವರು ಕೀಬೋರ್ಡನ್ನು ಬೋರಲು ಮಾಡಿದರು. ಎರಡು ಹನಿ ಬಿದ್ದವು.

“ನೀರು ತರಬಾರದು ಅಂತ ಬೋರ್ಡ್ ಹಾಕಿರೋದು ಗೋಡೆ ಅಂದಕ್ಕಾ? ಇನ್ಮೇಲೆ ನೀವು ಈ ಕೋಣೆಗೆ ಬರೋ ಹಾಗಿಲ್ಲ.”

ನರ್ಸ್ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಸಡಿಲ ಇತ್ತೋ ಏನೋ...” ಎಂದು ಸಹಾಯಕನತ್ತ ತಿರುಗಿದಳು. “ಸಾರಿ ರೀ. ದಿನಾ ಅಷ್ಟು ಚೆನ್ನಾಗಿ ಒರೆಸಿಡ್ತಿದ್ರಿ.”

ಆಗ ಅವನು ಬಾಯಿ ತೆರೆಯಬೇಕಿತ್ತು. ತೆರೆದ.

“ಪರವಾಗಿಲ್ಲ ಬಿಡಿ. ಯಾರ ಕೈಲಾದ್ರೂ ಆಗೋದೇ.”

ಅವಳು ತಲೆಯೆತ್ತಿ ನೋಡಿದಳು. ಒದ್ದೆಯಾದ ರೆಪ್ಪೆ, ತುಟಿಯಂಚಿನಲ್ಲಿ ಕಷ್ಟಪಟ್ಟು ತಂದುಕೊಂಡ ನಗು. ಇಷ್ಟು ದಿನ ಅವನು ಕಾದದ್ದು ಈ ನೋಟಕ್ಕೇ. ಕದ್ದ ಮಾಲಿನ ಹಾಗೆ ಕೈಗೆ ಬಂತು.

ಅಂದು ರಾತ್ರಿ ಅವನಿಗೆ ಊಟ ಸೇರಲಿಲ್ಲ. ಅತ್ತಿಗೆ ಅವನ ಬಾಯಿಂದ ಎಲ್ಲವನ್ನೂ ಹೊರಡಿಸಿದಳು.

“ತಪ್ಪು ನಿಂದು, ಕ್ಷಮಿಸಿದ್ದೂ ನೀನೇ. ಅವಳ ಪಾಲಿಗೆ ಬರೀ ಅಳೋದಾ? ನಿಮ್ಮಣ್ಣನೂ ಇಷ್ಟು ಇಳಿದಿಲ್ಲ ಕಣೋ.”

“ಹೇಳಿದ್ರೆ ಮತ್ತೆ ನನ್ನ ಮುಖ ನೋಡಲ್ಲ ಅತ್ತಿಗೆ.”

“ಈಗ ನೋಡ್ತಿರೋದು ನಿನ್ನ ಮುಖನಾ?”

ಮರುದಿನ ನರ್ಸ್ ಪುಸ್ತಕ ಹಿಂತಿರುಗಿಸಲು ಬಂದಳು. ಸಹಾಯಕ ಕೌಂಟರಿನ ಮುಂದೆ ಹೋಗಿ ನಿಂತು ಏನೋ ಪಿಸುಗುಟ್ಟಿದ.

“ಕೇಳಿಸ್ತಿಲ್ಲ. ಜೋರಾಗಿ ಹೇಳು,” ಎಂದರು ಸದ್ದಕ್ಕ. ಆ ಕಟ್ಟಡದಲ್ಲಿ ಯಾರೂ ಎಂದೂ ಕೇಳಿರದ ಮಾತು.

“ಕೀಬೋರ್ಡ್ ಹಾಳು ಮಾಡಿದ್ದು ನಾನು! ಸ್ಪ್ರೇ ನೇರ ಅದರೊಳಗೇ ಹೊಡೆದೆ. ಇವರು ಸಾರಿ ಕೇಳಿದ್ರು. ನಾನು... ಪರವಾಗಿಲ್ಲ ಅಂದೆ.”

ಓದುವ ಸಾಲಿನಲ್ಲಿ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಅವನು ನೆಲದ ಟೈಲ್ಸ್ ನೋಡುತ್ತ ನಿಂತ. ನರ್ಸ್ ಪುಸ್ತಕವನ್ನು ಕೌಂಟರಿನ ಮೇಲಿಟ್ಟು ಹೊರಟುಹೋದಳು.

ಸದ್ದಕ್ಕ ಅವಳಿಗೆ ಫೋನ್ ಮಾಡಿ, ಮತ್ತೆ ಕೋಣೆಗೆ ಬರಬಹುದೆಂದರು. ಕ್ಷಮೆಯನ್ನೂ ಕೇಳಿದರಂತೆ, ಬಹಳ ಮೆಲ್ಲಗೆ. ಆದರೂ ಆರನೇ ಕುರ್ಚಿ ಖಾಲಿಯೇ ಇತ್ತು. ಹೊಸ ಕೀಬೋರ್ಡು ಬಂತು. ಅದನ್ನು ಮುಟ್ಟಲೂ ಅವನಿಗೆ ನಾಚಿಕೆ.

ಕೊನೆಗೊಂದು ಸಂಜೆ ಅವಳು ಬಂದಳು. ಬ್ಯಾಗಿನಿಂದ ಒಂದು ಬಟ್ಟೆ ತೆಗೆದಳು.

“ಬನ್ನಿ ಇಲ್ಲಿ. ಮೊದಲು ವೈರ್ ಕೀಳಿ. ಲಿಕ್ವಿಡ್ ಬಟ್ಟೆಗೆ. ಹಿಂಡಿ. ಇನ್ನೂ ಹಿಂಡಿ. ಮೆಲ್ಲಗೆ ರೀ, ಗಾಯ ಅಂದ್ಕೊಳ್ಳಿ.”

ಅವನು ಒಂದೇ ಕೀಯನ್ನು ಒರೆಸುತ್ತಲೇ ಇದ್ದ. ಅವಳು ಮಣಿಕಟ್ಟು ಹಿಡಿದಳು. ಅಭ್ಯಾಸಬಲ, ನಾಡಿಯನ್ನೂ ನೋಡಿಬಿಟ್ಟಳು.

“ಇಷ್ಟು ಜೋರಾ?”

“ಕೋಪ ಹೋಯ್ತಾ?” ಎಂದ, ತಲೆಯೆತ್ತದೆ.

“ಇಲ್ಲ. ಎಂಥ ಒಳ್ಳೆ ಮನುಷ್ಯ ಅಂತ ಅವತ್ತೇ ನಮ್ಮಮ್ಮನ ಹತ್ರ ಹೇಳಿದ್ದೆ. ಮದುವೆ ಆದ್ರೆ ಇಂಥೋರನ್ನೇ ಅಂತಾನೂ ಹೇಳಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೋಗಲಿ?”

“ನಾನೇ ಬಂದು ಹೇಳ್ತೀನಿ.”

ಅವಳು ಮಣಿಕಟ್ಟು ಬಿಡಲಿಲ್ಲ. “ಜೋರಾಗಿ ಹೇಳ್ಬೇಕು. ಅಮ್ಮಂಗೆ ಕಿವಿ ಮಂದ.”

ಅವನು ಹೋಗಿ ಹೇಳಿದ. ಅಕ್ಕಪಕ್ಕದ ಮನೆಯವರಿಗೂ ಕೇಳಿಸಿತು. ಅವಳು ಪರೀಕ್ಷೆ ಪಾಸಾದಳು, ಮದುವೆಯೂ ಆಯಿತು. ಹಳೆಯ ಕೀಬೋರ್ಡು ಸರಿಹೋಗಲಿಲ್ಲ.