ಹೊಗಳಿದ ಗಡಿಯಾರ

1958ನೇ ಇಸವಿ, ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಜವಳಿ ವ್ಯಾಪಾರಿ ಸಾಹುಲ್ ಹಮೀದ್ ಪುತ್ತೂರು ಠಾಣೆಗೆ ಬಂದರು. ಸಬ್ ಇನ್ಸ್‌ಪೆಕ್ಟರ್ ಅಚ್ಚುತ ಅವರನ್ನು ಕೂರಿಸಿ ನೀರು ತರಿಸಿದ. ಉಪವಾಸದ ತಿಂಗಳೆಂಬುದು ಆಮೇಲೆ ನೆನಪಾಗಿ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡ.

“ಎಂತ ಹೋದದ್ದು?”

“ಗೋಡೆ ಗಡಿಯಾರ. ಮಂಗಳೂರಿಂದ ತಂದದ್ದು.”

“ಯಾವ ಮನೆಯಿಂದ?”

“ಹೊಸ ಮನೆಯಿಂದ.”

ಹೊಸದು ಎಂಬುದು ಅವರ ಮಟ್ಟಿಗೆ ಮಾತ್ರ. ಪೇಟೆಬೀದಿಯ ನಟ್ಟನಡುವೆ ಗೋಡೆಗೆ ಗೋಡೆ ಅಂಟಿಕೊಂಡು, ಒಂದೇ ಹೆಂಚಿನ ಮಾಡಿನಡಿ ನಿಂತ ಸಾಲುಮಾಳಿಗೆಯಲ್ಲಿ ಅದೇ ದೊಡ್ಡದು, ಅದೇ ಹಳೆಯದು. ದುಗ್ಗಪ್ಪ ರೈಗಳ ಕುಟುಂಬದ ಮನೆ. ಅಕ್ಕತಂಗಿಯರ ಸಂತಾನವೆಲ್ಲ ಪಾಲು ಕೇಳಿದಾಗ ಗದ್ದೆಯನ್ನು ಹಂಚಬಹುದಾಯಿತು, ಮಾಳಿಗೆಯನ್ನು ಗರಗಸ ಹಾಕಿ ಕೊಯ್ಯುವಂತಿರಲಿಲ್ಲ. ಮಾರಿದರು. ಹಬ್ಬ ಕಳೆದ ಮೇಲೆ ಪ್ರವಾದಿಯ ಸ್ತುತಿಯಾದ ಮೌಲೂದು ಓದಿಸಿ ಒಕ್ಕಲಾಗುವುದೆಂದು ಸಾಹುಲ್ ಹಮೀದರು ಮುಂಬಾಗಿಲಿಗೆ ಹೊಸ ಬೀಗ ಜಡಿದು, ಮೊದಲ ವಸ್ತುವಾಗಿ ಚಾವಡಿಯಲ್ಲಿ ಗಡಿಯಾರ ತೂಗುಹಾಕಿದ್ದರು.

“ನನ್ನ ಬಾಪ ಆ ಜಗಲಿಯ ಕೆಳಗೆ ನಿಂತು ಬಳೆ ಮಾರಿದವರು,” ಎಂದರು ಅವರು. “ಆ ಮನೆಯಲ್ಲಿ ನಮ್ಮದೊಂದು ಗಂಟೆ ಹೊಡೆಯುದು ಕೇಳಬೇಕು ಅಂತ ಇತ್ತು.”

“ತೂಗುಹಾಕಿದ್ದು ಯಾರು?”

“ಅಂಗಡಿಯ ಹಮಾಲಿ ಶುಕೂರ್. ಅವನು ಅಂಥವನಲ್ಲ ಸಾರ್.”

ಅಂಥವನಲ್ಲ ಎಂದ ಕೂಡಲೇ ಅಂಥವನೇ ಎಂದುಕೊಳ್ಳುವುದು ಪೊಲೀಸರ ಹಳೆಯ ಚಾಳಿ. ಎಫ್‌ಐಆರ್ ದಾಖಲಾಗುವಷ್ಟರಲ್ಲಿ ಶುಕೂರ್ ಠಾಣೆಯ ಮೂಲೆಯಲ್ಲಿ ನಿಂತಿದ್ದ. ಅಚ್ಚುತ ಕಣ್ಣಲ್ಲೇ ಸೂಚಿಸಿದ, ಹೆಡ್ ಕಾನ್‌ಸ್ಟೇಬಲ್ ಬೋಜ ಎರಡು ಬಿಗಿದ. ಶುಕೂರ್ ಕೆನ್ನೆ ಮುಟ್ಟಿಕೊಂಡು, “ನಾನು ಮೊಳೆ ಹೊಡೆದದ್ದು ಮಾತ್ರ,” ಎಂದ.

ಹನ್ನೊಂದಕ್ಕೆ ಪಂಚರನ್ನು ಕರೆದುಕೊಂಡು ಮನೆಗೆ ಹೋದರು. ಬೀಗ ಅಲುಗಿರಲಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ನೆಲ ಗುಡಿಸಿ ಒರೆಸಿತ್ತು.

“ಕದ್ದು ಹೋಗುವವ ನೆಲ ಒರೆಸುದುಂಟಾ?” ಎಂದ ಬೋಜ.

ಬಾವಿಕಟ್ಟೆಯ ಹಿಂದಿನ ಗುಂಡಿಯಲ್ಲಿ ಉಂಡ ಬಾಳೆಲೆಗಳು, ವೀಳ್ಯದೆಲೆಯ ತೊಟ್ಟುಗಳು, ಬಾಡಿದ ಮಲ್ಲಿಗೆಯ ಚೆಂಡು ಸಿಕ್ಕವು. ಕಳ್ಳತನ ನಡೆದಲ್ಲಿ ಶುಭಕಾರ್ಯದ ಊಟವೂ ನಡೆದಿತ್ತು. ಬೋಜ ಅಟ್ಟ ಹತ್ತಿ ನೋಡಿದ. ಪಕ್ಕದ ಹೋಟೆಲಿನ ಅಟ್ಟಕ್ಕೂ ಇದಕ್ಕೂ ನಡುವೆ ಹಲಗೆಯ ತಡಿಕೆ ಮಾತ್ರ. ಒಂದು ಹಲಗೆಯನ್ನು ಎತ್ತಿ ಮತ್ತೆ ಸಿಕ್ಕಿಸಬಹುದಾಗಿತ್ತು. ಆ ಸಾಲಿನಲ್ಲಿ ಹುಟ್ಟಿ ಕಣ್ಣುಮುಚ್ಚಾಲೆ ಆಡಿದವರಿಗಲ್ಲದೆ ಬೇರೆಯವರಿಗೆ ಅದು ಗೊತ್ತಿರುವಂಥದ್ದಲ್ಲ.

ಹೋಟೆಲಿಗೆ ನೀರು ಹೊರುವ ಸೀತು ಅಂಜದೆ ಹೇಳಿದಳು.

“ಆದಿತ್ಯವಾರ ದುಗ್ಗಪ್ಪ ರೈಗಳು ಬಂದಿದ್ರು. ಹಳೆ ಮಂಚ ನೋಡಬೇಕು ಅಂತ ನಮ್ಮ ಅಟ್ಟ ಹತ್ತಿದ್ರು. ಆಮೇಲೆ ಆ ಮನೆಯ ಹಿತ್ತಲ ಬಾಗಿಲು ತೆಗೆದು ನನ್ನನ್ನು ಕರೆದ್ರು. ಪಾಯಸ ಮಾಡಿಕೊಟ್ಟೆ, ನೆಲ ಒರೆಸಿದೆ. ಅವರು ಒಳಗಿಂದ ಅಗಳಿ ಹಾಕಿ ನಮ್ಮ ಅಟ್ಟದಿಂದಲೇ ಇಳಿದ್ರು.”

“ಮನೆ ಮಾರಿದ್ದು ಗೊತ್ತಿಲ್ವಾ ನಿನಗೆ?”

“ಗೊತ್ತುಂಟು. ಆದ್ರೆ ಅವರ ಹತ್ರ ಇದು ನಿಮ್ಮ ಮನೆಯಾ ಅಂತ ಕೇಳುದು ಹೇಗೆ ಮಾರಾಯ್ರೆ?”

ಅಚ್ಚುತ ಠಾಣೆಗೆ ಹಿಂದಿರುಗಿ ಶುಕೂರನನ್ನು ಬಿಟ್ಟ. ಹೋಗು ಎಂದು ಕೈ ತೋರಿಸಿದನೇ ಹೊರತು ಮುಖ ನೋಡಲು ಆಗಲಿಲ್ಲ.

ಕೆದಂಬಾಡಿಯಿಂದ ಕರೆತಂದ ದುಗ್ಗಪ್ಪ ರೈಗಳಿಗೆ ಅರುವತ್ತರ ಹತ್ತಿರ. ಇಸ್ತ್ರಿ ಮಾಡಿದ ಶಾಲು ಹೆಗಲ ಮೇಲಿತ್ತು.

“ಆದಿತ್ಯವಾರ ಆ ಮನೆಗೆ ಯಾರು ಬಂದದ್ದು?”

“ಉಪ್ಪಿನಂಗಡಿಯ ಶೀನಪ್ಪ ಆಳ್ವರು, ಗಂಡಿನ ಕಡೆಯವರು. ಸೊಸೆ ದಮಯಂತಿಯನ್ನು ನೋಡಲಿಕ್ಕೆ.” ಸೊಸೆಯೆಂದರೆ ತಂಗಿಯ ಮಗಳು. ಅಳಿಯಸಂತಾನದ ಮನೆಯಲ್ಲಿ ಹುಡುಗಿಗೆ ಗಂಡು ಹುಡುಕುವ ಹೊಣೆ ಮಾವನದು. “ಮನೆ ಮಾರುವ ಮೊದಲೇ ಮಾತಾಗಿತ್ತು. ಪೇಟೆಯ ಮಾಳಿಗೆ ಮನೆಯವರು ಅಂತ ಮಾತಾಗಿತ್ತು.”

“ಹಿತ್ತಲಿಂದ ಕರೆದುಕೊಂಡು ಹೋದಿರಾ?”

“ಮುಂಬಾಗಿಲಿನ ಬೀಗ ಹಾಳಾಗಿದೆ ಅಂದೆ.”

“ಗಡಿಯಾರ?”

ಅವರು ಹೆಗಲ ಶಾಲು ಸರಿಪಡಿಸಿಕೊಂಡರು. “ಆಳ್ವರು ಅದನ್ನೇ ನೋಡ್ತಾ ಇದ್ದರು. ಗಡಿಯಾರ ಚಂದ ಉಂಟು ಅಂದರು. ಆ ಚಾವಡಿಯಲ್ಲಿ ನೆಂಟರು ಹೊಗಳಿದ್ದನ್ನು ಕೊಡದೆ ಕಳಿಸಿದ್ದಿಲ್ಲ, ನನ್ನ ಮಾವನ ಕಾಲದಿಂದಲೂ. ತಗೊಂಡು ಹೋಗಿ ಅಂತ ಬಾಯಿಂದ ಬಂದುಹೋಯ್ತು. ಅದು ನಮ್ಮದಲ್ಲ ಅಂತ ಆಮೇಲೆ ನೆನಪಾದದ್ದು.”

ಅಚ್ಚುತನಿಗೆ ನಗು ಬರಬೇಕಿತ್ತು, ಬರಲಿಲ್ಲ.

“ರಿಪೇರಿಗೆ ಅಂತ ಹೇಳಿ ತನ್ನಿ ಸಾರ್. ಹುಡುಗಿಯ ಮದುವೆ.”

“ಮಹಜರಿನಲ್ಲಿ ಸುಳ್ಳು ಬರೆಯಲಿಕ್ಕೆ ಆಗುದಿಲ್ಲ ರೈಗಳೇ.”

ಅಚ್ಚುತ ಮಧ್ಯಾಹ್ನದ ಬಸ್ಸಿಗೆ ಉಪ್ಪಿನಂಗಡಿಗೆ ಹೋದ. ಒಂದು ಸಂಬಂಧ ಮುರಿಯಲು ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಶೀನಪ್ಪ ಆಳ್ವರು ಪೊಲೀಸ್ ಟೋಪಿ ನೋಡಿದವರೇ ಒಳಗೆ ಹೋಗಿ ಗಡಿಯಾರ ತಂದರು. ಅದನ್ನು ಅವರು ಗೋಡೆಗೆ ಹಾಕಿಯೇ ಇರಲಿಲ್ಲ. ಹೆಗಲಿಗೆ ಹಾಕುವ ಬೈರಾಸಿನಲ್ಲಿ ಸುತ್ತಿಯೇ ಇಟ್ಟಿದ್ದರು.

“ಜವಳಿ ಸಾಹುಕಾರರಿಗೆ ಹೇಗೆ ತಲುಪಿಸುದು ಅಂತ ಎರಡು ದಿನದಿಂದ ಯೋಚನೆ ಮಾಡ್ತಾ ಇದ್ದೆ.”

“ಮನೆ ಮಾರಿದ್ದು ನಿಮಗೆ ಗೊತ್ತಿತ್ತಾ?”

“ಪೇಟೆಯ ಮಾಳಿಗೆ ಮಾರಿದ್ದು ಯಾರಿಗೆ ಗೊತ್ತಿಲ್ಲ? ನಾವು ಹೋದದ್ದು ಹುಡುಗಿ ನೋಡಲಿಕ್ಕೆ. ಅವರು ಹಿತ್ತಲಿಂದ ಕರೆದಾಗ ಮುಖ ನೋಡಲಿಕ್ಕೆ ಆಗಲಿಲ್ಲ ನನಗೆ. ಗೋಡೆ ನೋಡಿದೆ. ಎಂತಾದ್ರೂ ಹೇಳಬೇಕಲ್ಲ, ಗಡಿಯಾರ ಚಂದ ಉಂಟು ಅಂದೆ. ಬೇಡ ಅಂದ್ರೆ ಗೊತ್ತಾಗಿದೆ ಅಂತ ತಿಳೀತದೆ, ಅದಕ್ಕೆ ತಗೊಂಡೆ.” ಗಡಿಯಾರವನ್ನು ಅಚ್ಚುತನ ಕೈಗೆ ಕೊಡುತ್ತ ಸೇರಿಸಿದರು: “ಮದುವೆ ನಿಲ್ಲುದಿಲ್ಲ. ಆವತ್ತೇ ಗೊತ್ತಿತ್ತು ಅಂತ ಮಾತ್ರ ಅವರಿಗೆ ಹೇಳಬೇಡಿ.”

ಅಚ್ಚುತ ಹೇಳಿಕೆಯಲ್ಲಿ ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡ.

ಸಂಜೆ ಠಾಣೆಯಲ್ಲಿ ದುಗ್ಗಪ್ಪ ರೈಗಳ ಬಂಧನ ದಾಖಲಾಯಿತು. ಗಡಿಯಾರ ಗುರುತಿಸಲು ಬಂದ ಸಾಹುಲ್ ಹಮೀದರು ಅವರನ್ನು ಬೆಂಚಿನ ಮೇಲೆ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಮದುವೆ?” ಎಂದು ರೈಗಳು ಕೇಳಿದರು.

“ನಿಲ್ಲುದಿಲ್ಲವಂತೆ.”

“ಮನೆ ಇಲ್ಲ ಅಂತ ಗೊತ್ತಾದ ಮೇಲೂ?”

“ಗೊತ್ತಾದ ಮೇಲೂ.”

ರೈಗಳ ಮುಖ ಒಮ್ಮೆ ಅರಳಿತು, ಮರುಕ್ಷಣ ಬಾಡಿತು. ಹಾಗಾದರೆ ಇದೆಲ್ಲ ಬೇಕಿರಲಿಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು.

“ಸಾರ್, ಕೇಸು ಬೇಡ,” ಎಂದರು ಸಾಹುಲ್ ಹಮೀದರು.

“ಅದನ್ನು ಕೋರ್ಟಿನಲ್ಲಿ ಹೇಳಬೇಕು. ಇಲ್ಲಿ ನಿಮ್ಮ ಸಹಿ ಬಿದ್ದಾಗಿದೆ.”

ಸಾಹುಲ್ ಹಮೀದರು ರೈಗಳ ಕಡೆಗೆ ತಿರುಗಿದರು. “ನನ್ನನ್ನು ಕೇಳಿದ್ರೆ ಒಂದು ದಿನಕ್ಕೆ ಬೀಗದ ಕೈ ಕೊಡ್ತಿದ್ದೆ. ಮುಂಬಾಗಿಲಿಂದಲೇ ಕರೆಯಬಹುದಿತ್ತು.”

ದುಗ್ಗಪ್ಪ ರೈಗಳು ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡರು. “ನಿಮ್ಮ ಬಾಪನನ್ನು ಜಗಲಿ ಹತ್ತಲಿಕ್ಕೆ ಬಿಡದವರು ನಾವು. ನಿಮ್ಮ ಹತ್ರ ಬೀಗದ ಕೈ ಕೇಳುದು ಹೇಗೆ?”

ಅಷ್ಟರಲ್ಲಿ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗು ಕೇಳಿತು. ಅಚ್ಚುತ ನೀರಿನ ಲೋಟವನ್ನು ಸಾಹುಲ್ ಹಮೀದರ ಮುಂದೆ ಇಟ್ಟ. ಅವರು ಒಂದು ಗುಟುಕು ಕುಡಿದು, ರೈಗಳಿಗೂ ನೀರು ಕೊಡಿ ಎಂದರು.

ಕೇಸ್ ಡೈರಿಯಲ್ಲಿ ಅಪರಾಧದ ಕಾರಣ ಮರ್ಯಾದೆ ಎಂದು ಅಚ್ಚುತ ಬರೆದ. ಅದನ್ನು ಹೊಡೆದು ನಾಚಿಕೆ ಎಂದು ಬರೆದ. ಡೈರಿ ಮುಚ್ಚಿ, ಟೋಪಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು, ಶುಕೂರನ ಮನೆ ಎಲ್ಲಿ ಎಂದು ಬೋಜನನ್ನು ಕೇಳಿದ.