ಗೋಡೆಗೆ ಎರಡು ಕ್ಲಿಪ್ಪು

"ಅಮ್ಮಾ, ನನ್ನ ಕಡೆ ನೋಡಬೇಡ. ದಿನಾ ಹೇಗೆ ಮಡಚ್ತೀಯೋ ಹಾಗೇ ಮಡಚು," ಎಂದ ಅಣ್ಣ. ಅವನ ಕೈಯಲ್ಲಿ ಮೊಬೈಲಿತ್ತು. ಅದರಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು.

"ನೋಡಬೇಡ ಅಂದ್ರೆ ಹೇಗೋ? ಕಂಬದ ಹಾಗೆ ಎದುರಿಗೇ ನಿಂತಿದ್ದೀಯಲ್ಲ," ಎಂದಳು ಅಮ್ಮ.

"ವಿಡಿಯೋ ತೆಗೀತೀಯ ಅಂತ ಗೊತ್ತಿದ್ರೆ ನಾನು ತಲೆ ಬಾಚ್ಕೊಂಡು ಬರ್ತಿದ್ದೆ ಕಣಪ್ಪ," ಎಂದು ದೊಡ್ಡಮ್ಮ ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು.

ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ಕೂತಿದ್ದ ರೇಡಿಯೋ ಕಿಸಕ್ಕನೆ ನಕ್ಕಳು.

ರೇಡಿಯೋ ಅಂದರೆ ಹಾಡುವ ಪೆಟ್ಟಿಗೆಯಲ್ಲ. ಐದನೇ ಕ್ಲಾಸಿನ ಹುಡುಗಿ. ಅವಳ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ ಅಂತ ದೊಡ್ಡಮ್ಮನೇ ಇಟ್ಟ ಹೆಸರು ಅದು. ಸ್ಕೂಲು ಬಿಟ್ಟ ಕೂಡಲೇ ರೇಡಿಯೋ ಸೀದಾ ಅಮ್ಮ ಕೆಲಸ ಮಾಡುವ ಈ ಲಾಂಡ್ರಿಗೆ ಬರುತ್ತಾಳೆ. ಅಮ್ಮನ ಕೆಲಸ ಮುಗಿಯುವವರೆಗೂ ಇಲ್ಲೇ ಹೋಂವರ್ಕು, ಇಲ್ಲೇ ಹರಟೆ. ದೊಡ್ಡಮ್ಮ ಸ್ವಂತ ದೊಡ್ಡಮ್ಮನೂ ಅಲ್ಲ, ಪಕ್ಕದ ಮನೆಯವಳು. ಆದರೆ ರೇಡಿಯೋಗೆ ಜ್ವರ ಬಂದರೆ ಅಮ್ಮನಿಗಿಂತ ಮೊದಲು ಹಣೆ ಮುಟ್ಟಿ ನೋಡುವವಳು ಅವಳೇ.

ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಈ ಲಾಂಡ್ರಿಗೆ ಬರುತ್ತವೆ. ಮೆಷಿನ್ನುಗಳು ಬೆಳಗಿನಿಂದ ಗುಡುಗುಡು ಅನ್ನುತ್ತಲೇ ಇರುತ್ತವೆ. ಒಣಗಿದ ಶೀಟುಗಳನ್ನು ಮಡಚುವುದು ಅಮ್ಮ ಮತ್ತು ದೊಡ್ಡಮ್ಮನ ಕೆಲಸ. ಆ ತುದಿಯ ಎರಡು ಮೂಲೆ ಒಬ್ಬರಿಗೆ, ಈ ತುದಿಯ ಎರಡು ಮೂಲೆ ಇನ್ನೊಬ್ಬರಿಗೆ. ಜಾಡಿಸಿ, ಎಳೆದು, ಅರ್ಧಕ್ಕೆ ಮಡಚಿ, ಇಬ್ಬರೂ ನಡೆದು ಹತ್ತಿರ ಬರಬೇಕು. ಬಂದಾಗ ಮೂಲೆಗಳು ಕೈ ಬದಲಾಯಿಸುತ್ತವೆ. ಜೊತೆಗೆ ಒಂದು ಮಾತೂ ಆಗುತ್ತದೆ. ಆ ಸದ್ದಿನಲ್ಲಿ ದೂರದಿಂದ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಹಾಗಾಗಿ ದೊಡ್ಡಮ್ಮನ ಒಂದು ಕತೆ ಮುಗಿಯಬೇಕಾದರೆ ಒಂದು ರಾಶಿ ಶೀಟೇ ಬೇಕು.

"ಆಮೇಲೇನಾಯ್ತು ಅಕ್ಕಾ?" ಎನ್ನುತ್ತಾಳೆ ಅಮ್ಮ, ಹತ್ತಿರ ಬಂದಾಗ.

"ಆಗೋದೇನು, ಆ ನರ್ಸು ಎದ್ದು ಓಡಿದಳು ನೋಡು," ಎನ್ನುತ್ತಾಳೆ ದೊಡ್ಡಮ್ಮ. ಅಷ್ಟರಲ್ಲಿ ಇಬ್ಬರೂ ಮತ್ತೆ ದೂರ ಹೋಗಿರುತ್ತಾರೆ.

ಅಣ್ಣ ಅದನ್ನೆಲ್ಲ ನೋಡಿ ನೋಡಿ ಬರೆದುಕೊಳ್ಳುತ್ತಿದ್ದ. ಅವನು ಬಿ.ಬಿ.ಎ. ಎರಡನೇ ವರ್ಷ.

"ಅಲ್ಲಪ್ಪ, ಕಾಲೇಜಲ್ಲಿ ಶೀಟು ಮಡಚೋದನ್ನೂ ಹೇಳ್ಕೊಡ್ತಾರಾ?" ಎಂದು ಕೇಳಿದಳು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ. ಬಿ.ಬಿ.ಎ. ಅಂದ್ರೆ ಬಿಸಿನೆಸ್ ನಡೆಸೋದನ್ನ ಕಲಿಯೋದು. ಅಕೌಂಟ್ಸ್ ಇರುತ್ತೆ, ಅದು ಲೆಕ್ಕ. ಮಾರ್ಕೆಟಿಂಗ್ ಅಂದ್ರೆ ಜನ ನಮ್ಮ ಸಾಮಾನನ್ನೇ ಕೊಳ್ಳೋ ಹಾಗೆ ಮಾಡೋದು. ಎಚ್.ಆರ್. ಅಂದ್ರೆ ಕೆಲಸದವರನ್ನ ನೋಡ್ಕೊಳ್ಳೋದು. ಈ ಸಲ ಆಪರೇಷನ್ಸ್ ಅಂತ ಒಂದು ಸಬ್ಜೆಕ್ಟ್ ಇದೆ. ಒಂದು ಕೆಲಸದಲ್ಲಿ ಎಲ್ಲೆಲ್ಲಿ ವೇಸ್ಟ್ ಆಗ್ತಿದೆ ಅಂತ ಕಂಡುಹಿಡೀಬೇಕು. ಅದಕ್ಕೇ ಈ ಪ್ರಾಜೆಕ್ಟು."

"ವೇಸ್ಟ್ ಅಂದ್ರೆ ಕಸಾನಾ?" ಎಂದಳು ರೇಡಿಯೋ.

"ಕಸ ಅಲ್ವೇ. ಸುಮ್ನೆ ಕಾಯೋದು, ಸುಮ್ನೆ ನಡೆಯೋದು, ಅದೂ ವೇಸ್ಟೇ."

"ಹಾಗಾದ್ರೆ ದೊಡ್ಡಮ್ಮನ ಕತೆ?"

ಅಣ್ಣ ಮೊಬೈಲ್ ನೋಡಿಕೊಂಡ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಮ್ಮ ನಗಲಿಲ್ಲ. ಹೋದ ತಿಂಗಳಷ್ಟೇ ಓನರ್ ಟ್ರಾಲಿ ತಳ್ಳುವವನನ್ನು ಕೆಲಸದಿಂದ ತೆಗೆದಿದ್ದರು. ಖರ್ಚು ಜಾಸ್ತಿಯಾಗಿದೆ, ಇನ್ನೂ ಯಾರನ್ನಾದರೂ ತೆಗೆಯಬೇಕಾದೀತು ಅಂತಲೂ ಹೇಳಿದ್ದರು. ಅವತ್ತಿನಿಂದ ಲಾಂಡ್ರಿಯಲ್ಲಿ ಎಲ್ಲರಿಗೂ ಒಳಗೊಳಗೇ ಪುಕಪುಕ. ದೊಡ್ಡಮ್ಮನ ಗಂಡ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಅವಳಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

"ಇದನ್ನೆಲ್ಲ ಬರೆದು ಯಾರಿಗೆ ತೋರಿಸ್ತೀಯೋ?" ಎಂದು ಅಮ್ಮ ಕೇಳಿದಳು.

"ಕಾಲೇಜಿಗಷ್ಟೇ ಅಮ್ಮ. ಮಾರ್ಕ್ಸ್ ಹಾಕಿ ಮೂಲೆಗೆ ಎಸೀತಾರೆ. ಯಾರೂ ಓದಲ್ಲ."

ಆದರೆ ಕಾಲೇಜಿನ ಮೇಡಂ ಓದಿದರು. ಓದಿ ಅಣ್ಣನ ಕೈಗೇ ವಾಪಸ್ ಕೊಟ್ಟರು. ನೋಡಿದ್ದನ್ನು ಬರೆದಿದ್ದೀಯ ಸರಿ, ಇದರಲ್ಲಿ ನಿನ್ನ ಐಡಿಯಾ ಎಲ್ಲಿ, ಏನು ಸುಧಾರಿಸಬಹುದು ಅಂತ ಬರೆಯದಿದ್ದರೆ ಪಾಸು ಮಾಡುವುದು ಹೇಗೆ ಅಂದರಂತೆ.

ಭಾನುವಾರ ಅಣ್ಣ ಪೆನ್ನು ಕಚ್ಚಿಕೊಂಡು ಕೂತೇ ಇದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ಅಮ್ಮ ಮೈಮುರಿದು ದುಡಿದು ಅವನ ಫೀಸು ಕಟ್ಟುತ್ತಿದ್ದಳು. ಈ ಸಬ್ಜೆಕ್ಟ್ ಹೋದರೆ ಅವಳಿಗೆ ಯಾವ ಮುಖ ತೋರಿಸಲಿ ಎಂಬ ಚಿಂತೆ ಅವನಿಗೆ. ಅಮ್ಮ ಸಾಮಾನು ತರಲು ಅಂಗಡಿಗೆ ಹೋಗಿದ್ದಳು.

ರೇಡಿಯೋಗೆ ಅಣ್ಣನನ್ನು ನೋಡಿ ಪಾಪ ಅನ್ನಿಸಿತು. ಅವನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅಂತ ತೋರಿಸುವ ಆಸೆಯೂ ಆಯಿತು. ಸುಳ್ಳೇಕೆ ಹೇಳಬೇಕು, ಪಾಪ ಅನ್ನಿಸಿದ್ದಕ್ಕಿಂತ ಆಸೆಯೇ ಸ್ವಲ್ಪ ಜಾಸ್ತಿ.

"ಅಣ್ಣಾ, ಶೀಟು ಮಡಚೋಕೆ ಇಬ್ರು ಯಾಕೆ ಬೇಕು? ಅಮ್ಮ ಮನೇಲಿ ಒಬ್ಬಳೇ ಮಡಚ್ತಾಳಲ್ಲ, ನೀನು ನೋಡೇ ಇಲ್ವಾ?"

"ಹೇಗೆ?"

ಅಷ್ಟು ಸಾಕಾಯಿತು. ರೇಡಿಯೋ ಒಂದು ದೊಡ್ಡ ಬೆಡ್‌ಶೀಟು ತಂದಳು. ಅದರ ಎರಡು ಮೂಲೆಗಳನ್ನು ಬೀರುವಿನೊಳಗೆ ತೂರಿಸಿ ಬಾಗಿಲು ಒತ್ತಿ ಮುಚ್ಚಿದಳು. ಇನ್ನೆರಡು ಮೂಲೆ ಹಿಡಿದು ಹಿಂದೆ ಹಿಂದೆ ಹೋಗಿ, ಬಿಗಿಯಾಗಿ ಎಳೆದು, ಮಡಚುತ್ತಾ ಮಡಚುತ್ತಾ ಬೀರುವಿನ ಹತ್ತಿರ ಬಂದಳು.

"ನೋಡು, ಈ ಬೀರುವೇ ದೊಡ್ಡಮ್ಮ," ಎಂದಳು.

ಅಣ್ಣ ದಡಕ್ಕನೆ ಎದ್ದು ನಿಂತ. "ಬೀರು ಬೇಡ ಕಣೇ. ಗೋಡೆಗೆ ಎರಡು ಕ್ಲಿಪ್ಪು ಹೊಡೆದ್ರೆ ಸಾಕು. ಎರಡೇ ಎರಡು ಕ್ಲಿಪ್ಪು." ಅವನು ತಂಗಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಆಮೇಲೆ ಕೂತು ಒಂದೇ ಉಸಿರಿಗೆ ಬರೆದ. ರೇಡಿಯೋ ಆ ದಿನವೆಲ್ಲ ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದಳು.

ಪ್ರಾಜೆಕ್ಟಿಗೆ ಕ್ಲಾಸಿನಲ್ಲೇ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ಬಂತು. ಅಮ್ಮನಿಗೆ ಹಿಗ್ಗೋ ಹಿಗ್ಗು. ಇಂಗ್ಲಿಷಿನಲ್ಲಿದ್ದ ಅದನ್ನು ಅವಳು ಓದಲಿಲ್ಲ, ಮೊದಲನೇ ಪುಟದ ಮೇಲಿದ್ದ ಮಗನ ಹೆಸರನ್ನು ಮಾತ್ರ ಬೆರಳಿನಿಂದ ಸವರಿದಳು.

ಪ್ರಾಜೆಕ್ಟು ಈ ಲಾಂಡ್ರಿಯಲ್ಲೇ ಮಾಡಿದ್ದು ಅಂತ ಕೊನೆಯ ಪುಟಕ್ಕೆ ಓನರ್ ಸೈನು ಬೇಕಿತ್ತು. ಅಣ್ಣ ಹೋದಾಗ ಅವರು ಸೈನು ಹಾಕಿ, "ನನಗೊಂದು ಕಾಪಿ ಇಟ್ಟು ಹೋಗಪ್ಪ, ಓದ್ತೀನಿ," ಎಂದರು. ದೊಡ್ಡವರು ಕೇಳಿದಾಗ ಇಲ್ಲ ಅನ್ನುವುದು ಹೇಗೆ? ಅಣ್ಣ ಒಂದು ಕಾಪಿ ಇಟ್ಟು ಬಂದ.

ಅದಾದ ಮೇಲೆ ಒಂದು ಸಂಜೆ ರೇಡಿಯೋ ಎಂದಿನಂತೆ ಬ್ಯಾಗು ಎಳೆದುಕೊಂಡು ಲಾಂಡ್ರಿಯೊಳಗೆ ಬಂದಳು. ಗೋಡೆಯಲ್ಲಿ ಎರಡು ದೊಡ್ಡ ಸ್ಟೀಲ್ ಕ್ಲಿಪ್ಪುಗಳು ಹೊಳೆಯುತ್ತಿದ್ದವು. ಕೆಳಗೆ ಡ್ರಿಲ್ ಮಾಡಿದ ಬಿಳಿ ಪುಡಿ ಇನ್ನೂ ಹಾಗೇ ಬಿದ್ದಿತ್ತು. ಅಮ್ಮ ಒಂದು ಶೀಟನ್ನು ಎದೆಗೆ ಅವುಚಿಕೊಂಡು ಸುಮ್ಮನೆ ನಿಂತಿದ್ದಳು. ದೊಡ್ಡಮ್ಮ ತನ್ನ ಬಾಚಣಿಗೆ, ನೀರಿನ ಬಾಟಲಿ, ಹಳೇ ಚಪ್ಪಲಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬುತ್ತಿದ್ದಳು.

"ದೊಡ್ಡಮ್ಮಾ, ಇವತ್ತೇನು ಬೇಗ ಹೊರಟೆ?"

"ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ ಕಣೇ ರೇಡಿಯೋ." ದೊಡ್ಡಮ್ಮ ಗದ್ದ ಎತ್ತಿ ಕ್ಲಿಪ್ಪುಗಳನ್ನು ತೋರಿಸಿದಳು. "ಇಬ್ರು ಬಂದಿದ್ದಾರೆ. ಒಬ್ಬರೇ ಬಂದಿದ್ರೆ ನನಗೆ ಮರ್ಯಾದೆ ಹೋದ ಹಾಗಾಗ್ತಿತ್ತು."

ಅವಳು ನಕ್ಕಳು. ಆದರೆ ಚೀಲದ ದಾರವನ್ನು ಎಷ್ಟು ಸಲ ಸುತ್ತಿದರೂ ಗಂಟು ಬೀಳಲೇ ಇಲ್ಲ. ಅಮ್ಮ ಬಂದು ಕಟ್ಟಿಕೊಟ್ಟಳು. ರೇಡಿಯೋ ಬ್ಯಾಗನ್ನು ಅಲ್ಲೇ ಬಿಟ್ಟು, ಅಣ್ಣನಿಗೆ ಹೇಳಲು ಮನೆಗೆ ಓಡಿದಳು.

ಸುದ್ದಿ ಕೇಳಿ ಅಣ್ಣ ಹಾಕಿದ ಚಪ್ಪಲಿಯಲ್ಲೇ ಲಾಂಡ್ರಿಗೆ ಓಡಿದ. ರೇಡಿಯೋ ಹಿಂದೆಯೇ ಓಡಿದಳು. ಓನರ್ ರೂಮಿನ ಬಾಗಿಲಲ್ಲಿ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಸರ್, ಅದು ಪ್ರಾಜೆಕ್ಟಿಗೆ ಅಂತ ಬರೆದಿದ್ದು," ಎಂದ ಅಣ್ಣ.

"ಚೆನ್ನಾಗೇ ಬರೆದಿದ್ದೀಯಪ್ಪ."

"ನಿಜವಾಗ್ಲೂ ಮಾಡ್ಲಿ ಅಂತ ಅಲ್ಲ ಸರ್. ಪಾಪ, ಅವರ ಮನೇಲಿ ತುಂಬ ಕಷ್ಟ."

"ಒಬ್ಬರೇ ಮಡಚಬಹುದು ಅಂತ ಬರೆದಿದ್ದೀಯಲ್ಲ, ಅದು ಸುಳ್ಳಾ?"

"ಸುಳ್ಳಲ್ಲ ಸರ್."

"ಮತ್ತೆ?"

ಓನರ್ ರೇಗಲಿಲ್ಲ. ರೇಗಿದ್ದರೆ ಒಳ್ಳೆಯದಿತ್ತು, ಅಣ್ಣನೂ ಏನಾದರೂ ತಿರುಗಿ ಹೇಳಬಹುದಿತ್ತು. ಅವರು ಅಣ್ಣನ ಬೆನ್ನು ತಟ್ಟಿ, "ಡಿಗ್ರಿ ಮುಗಿದ ಮೇಲೆ ಬಾ. ನಿನ್ನಂಥ ಹುಡುಗರು ನನಗೆ ಬೇಕು," ಎಂದರು.

ದಾರಿಯುದ್ದಕ್ಕೂ ಅಣ್ಣ ತಲೆ ಎತ್ತಲಿಲ್ಲ. ನಿನ್ನಿಂದಲೇ ಆದದ್ದು ಅಂತ ಅವನು ಬೈಯುತ್ತಾನೆ ಅಂತ ರೇಡಿಯೋ ಕಾದಳು. ಅವನು ಬೈಯಲಿಲ್ಲ. ಮನೆಗೆ ಬಂದವನೇ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಪಕ್ಕದ ಮನೆಯಲ್ಲಿ ದೊಡ್ಡಮ್ಮನ ಗಂಡ ಕೆಮ್ಮುವುದು ಕೇಳಿಸುತ್ತಿತ್ತು. ಅದು ದಿನವೂ ಕೇಳಿಸುತ್ತಿದ್ದ ಕೆಮ್ಮೇ. ಆದರೆ ಅವತ್ತು ರೇಡಿಯೋಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

ಮರುದಿನ ಸಂಜೆ ಲಾಂಡ್ರಿಯಲ್ಲಿ ಅಮ್ಮ ಒಬ್ಬಳೇ ಮಡಚುತ್ತಿದ್ದಳು. ಸಿಕ್ಕಿಸುವುದು, ಎಳೆಯುವುದು, ಮಡಚುವುದು. ಕೆಲಸವೇನೋ ಬೇಗ ಬೇಗ ಸಾಗುತ್ತಿತ್ತು. ಒಂದು ರಾಶಿ ಮುಗಿಯುವ ಹೊತ್ತಿಗೆ ಇನ್ನೊಂದು ರಾಶಿ ತಂದು ಸುರಿಯುತ್ತಿದ್ದರು. ಅಮ್ಮ ನಡುನಡುವೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು.

ರೇಡಿಯೋ ಹೋಂವರ್ಕ್ ಮಾಡಲಿಲ್ಲ. ಎದ್ದು ಅಮ್ಮನ ಪಕ್ಕಕ್ಕೆ ಹೋದಳು.

"ಅಮ್ಮಾ, ಬೀರು ಬಾಗಿಲಿನ ವಿಷಯ ಅಣ್ಣನಿಗೆ ಹೇಳಿದ್ದು ನಾನು."

"ಗೊತ್ತು," ಎಂದಳು ಅಮ್ಮ. "ನಮ್ಮನೇಲಿ ಇನ್ಯಾರು ಹೇಳ್ತಾರೆ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ರೇಡಿಯೋಗೆ ಅಳು ಒತ್ತರಿಸಿಕೊಂಡು ಬಂತು. "ದೊಡ್ಡಮ್ಮನ ಕೆಲಸ ಹೋಗುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅಮ್ಮ."

"ಹೂಂ."

ಅಮ್ಮ ಒಂದು ಶೀಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ರೇಡಿಯೋ ಕಣ್ಣೊರೆಸಿಕೊಂಡಳು. ಆಗ ಅವಳಿಗೆ ಏನೋ ಹೊಳೆಯಿತು.

"ಇಲ್ಲೂ ಒಬ್ಬರೇ ಮಡಚಬಹುದು ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಕೆಲಸಕ್ಕೆ ಸೇರಿದ ವಾರವೇ ಗೊತ್ತಾಯ್ತು."

"ಮತ್ತೆ ದೊಡ್ಡಮ್ಮನಿಗೆ?"

"ಅಕ್ಕ ನನಗಿಂತ ಮುಂಚೆ ಸೇರಿದವರು. ಅವರಿಗೆ ಗೊತ್ತಿರಲ್ವಾ?"

"ಯಾಕೆ ಮತ್ತೆ ಇಬ್ರೂ..."

ಓನರ್ ಆ ಕಡೆಯಿಂದ ಹಾದು ಹೋದರು. ಅಮ್ಮ ಬೇಗ ಬೇಗ ಕೈ ಆಡಿಸಿದಳು. ಅವರು ಹೋದ ಮೇಲೆ ಇನ್ನೊಂದು ಶೀಟನ್ನು ಕ್ಲಿಪ್ಪಿಗೆ ಸಿಕ್ಕಿಸಿದಳು.

ಅವಳು ಕಾರಣ ಹೇಳುವ ಅಗತ್ಯವಿರಲಿಲ್ಲ. ರೇಡಿಯೋಗೆ ಗೊತ್ತಾಗಿತ್ತು. ಅಮ್ಮ ಮತ್ತು ದೊಡ್ಡಮ್ಮ ಇಷ್ಟು ವರ್ಷ ಹತ್ತಿರ ಬಂದಾಗಲೆಲ್ಲ ಒಂದೊಂದು ಮಾತಾಡಿದ್ದರು. ನರ್ಸಿನ ಕತೆ, ಡಾಕ್ಟರ ಕತೆ, ಬೀದಿಯವರೆಲ್ಲರ ಕತೆ. ಒಂದು ಮಾತನ್ನು ಮಾತ್ರ ಇಬ್ಬರೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

ಅದನ್ನು ಆಡಿದವಳು ತಾನು.