ಹದಿನಾಲ್ಕು ಸುತ್ತು

ನಮ್ಮ ಮ್ಯೂಸಿಯಮ್ಮಿನಲ್ಲಿ ನೀರಿನ ಗಡಿಯಾರ, ಮರಳಿನ ಗಡಿಯಾರ, ಗಂಟೆಗೊಂದು ಗೆರೆ ಹಾಕಿದ ಮೇಣದಬತ್ತಿ ಸಾಲಾಗಿವೆ. ಕೊನೆಯದು ಲೋಲಕದ ಗಡಿಯಾರ. ಅದಕ್ಕೆ ಅಪ್ಪ ನಲವತ್ತು ವರ್ಷ, ಪ್ರತಿ ಸೋಮವಾರ, ಎಣಿಸಿ ಹದಿನಾಲ್ಕು ಸುತ್ತು ಕೀ ಕೊಟ್ಟಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ನಾನೋ ಮಹಾ ಸೋಮಾರಿ. ಹಳೆಯ ಯಂತ್ರ, ಲೋಲಕ, ಗಂಟೆ ಎಲ್ಲ ಬಿಚ್ಚಿ ಗೋದಾಮಿಗೆ ಹಾಕಿ, ಒಳಗೆ ಸೆಲ್ಲಿನ ಮಷೀನು ಕೂರಿಸಿದೆ. ಅಪ್ಪನಿಗೆ ಹೇಳಲಿಲ್ಲ.

ಮುಂದಿನ ಸೋಮವಾರ ಮಧ್ಯಾಹ್ನ ಗಾಜು ಒರೆಸುತ್ತಿದ್ದೆ. ಒಳಗಿನಿಂದ ಟಕ್, ಟಕ್ ಎಂದು ಲೋಲಕದ ಭಾರವಾದ ಸದ್ದು ಬಂತು. ಬಾಗಿಲು ತೆಗೆದೆ. ಸೆಲ್ಲು ಕಳಚಿ ಕೆಳಗೆ ಬಿದ್ದಿತ್ತು, ಮುಳ್ಳುಗಳು ಮಾತ್ರ ಓಡುತ್ತಿದ್ದವು. ಕೀ ಹಾಕುವ ತೂತು, ಯಾರೋ ಈಗಷ್ಟೇ ಕೈ ತೆಗೆದ ಹಾಗೆ, ಬೆಚ್ಚಗಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನು.

"ಬೇಗ ಬನ್ರೀ, ಮಾವ ಹೋಗ್ಬಿಟ್ರು. ಡಾಕ್ಟ್ರು ಈಗ ನೋಡಿ ಹೇಳಿದ್ರು. ಆದ್ರೆ..."

"ಆದ್ರೆ ಏನೇ?"

"ಅವರ ಬಲಗೈ ನಿಲ್ತಾನೇ ಇಲ್ಲ ಕಣ್ರೀ. ಕೀ ಕೊಡೋ ಹಾಗೆ ತಿರುಗ್ತಿದೆ. ಡಾಕ್ಟ್ರೂ ಬಾಯಿ ಬಿಟ್ಕೊಂಡು ನಿಂತಿದಾರೆ. ಹನ್ನೆರಡು... ಹದಿಮೂರು..."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಹದಿನಾಲ್ಕು. ನಿಂತ್ಹೋಯ್ತು," ಎಂದಳು.

ನನ್ನ ಮುಂದೆ ಗಡಿಯಾರ ಗಂಟೆ ಹೊಡೆಯಿತು. ಅದರ ಗಂಟೆ ಗೋದಾಮಿನಲ್ಲಿತ್ತು. ಗೋದಾಮಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು.